ಒಣಗುವ ತನಕ

"ಅಕ್ಕೋರೇ, ರಕ್ತ ತೆಗೆಯುವ ಮೊದಲು ಚರ್ಮ ಒರೆಸಲು ಎಲ್ಲಕ್ಕಿಂತ ಒಳ್ಳೆಯ ಔಷಧಿ ಯಾವುದು?" ಎಂದು ಕಸ್ತೂರಿ ಕೇಳಿದಳು.

ಇಂದುಮತಿ ಅಕ್ಕೋರು ನರ್ಸಿಂಗ್ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಕಸ್ತೂರಿ ಅವರ ಕೊನೆಯ ತಂಡದ ವಿದ್ಯಾರ್ಥಿನಿ. ಈಗ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಆಗಿದ್ದಳು. ಆ ಆಸ್ಪತ್ರೆಯಲ್ಲಿ ಬ್ಲಡ್ ಕಲ್ಚರ್ ಪರೀಕ್ಷೆ ಹೊಸದಾಗಿ ಶುರುವಾಗುವುದಿತ್ತು. ಅದಕ್ಕೆ ಯಾವ ಔಷಧಿ ತರಿಸಬೇಕು ಎಂದು ಬರೆದುಕೊಡುವ ಕೆಲಸ ಅವಳ ಪಾಲಿಗೆ ಬಂದಿತ್ತು. ಅವಳು ಪುಸ್ತಕಗಳನ್ನು ನೋಡಿದ್ದಳು. ಒಂದು ಪುಸ್ತಕ ಅಯೋಡಿನ್ ಎನ್ನುತ್ತಿತ್ತು, ಇನ್ನೊಂದು ಸ್ಪಿರಿಟ್ ಎನ್ನುತ್ತಿತ್ತು, ಮತ್ತೊಂದು ಎರಡೂ ಆದೀತು ಎನ್ನುತ್ತಿತ್ತು. ಅದಕ್ಕೇ ಬಸ್ಸು ಹತ್ತಿ ಬಂದಿದ್ದಳು.

"ಒಬ್ಬ ಕುರಿಗಾಹಿಯ ಕತೆ ಹೇಳುತ್ತೇನೆ. ಕೇಳಿದ ಮೇಲೆ ಬರಿ," ಎಂದರು ಅಕ್ಕೋರು.

ಕೈಗೊಂದು ಫೋನು ಬಂದಿರದ ಕಾಲ. ಒಬ್ಬ ಕುರಿಗಾಹಿ ಇದ್ದ. ಸುಗ್ಗಿ ಮುಗಿದ ಮೇಲೆ ಪ್ರತಿವರ್ಷ ಕುರಿ ಹೊಡೆದುಕೊಂಡು ಊರು ಬಿಡುತ್ತಿದ್ದ. ಹೆಂಡತಿ, ಮಲತಾಯಿಯ ಮಗನಾದ ತಮ್ಮನ ಸಂಸಾರ, ಮುದುಕ ತಂದೆ, ಸಾಮಾನು ಹೊರುವ ಎರಡು ಕುದುರೆ, ಮುನ್ನೂರು ಕುರಿ. ಕೊಯ್ಲಾದ ಹೊಲಗಳಲ್ಲಿ ಕುರಿ ತರುಬಿ ನಿಲ್ಲಿಸಿ, ಎರಡು ದಿನ ಇದ್ದು, ಮುಂದಿನ ಊರಿಗೆ ನಡೆಯುವುದು ಅವರ ಬದುಕು.

ಅವನ ತಾಯಿ ಇಂಥದೇ ಒಂದು ಪ್ರಯಾಣದಲ್ಲಿ ದಾರಿಯಲ್ಲೇ ತೀರಿಕೊಂಡಿದ್ದಳು. ಆಗ ಅವನು ಎಂಟು ತಿಂಗಳ ಕೂಸು. ದಾರಿಯ ಪಕ್ಕದಲ್ಲೇ ಅವಳನ್ನು ಮಣ್ಣು ಮಾಡಿ, ಮರುದಿನ ಕುರಿಗಳ ಹಿಂದೆ ಮುಂದಕ್ಕೆ ಹೋಗಿದ್ದರು. ಮುಂದಿನ ವರ್ಷವೇ ಆ ಕಡೆ ಕಾಲುವೆ ಬಂತು, ದಾರಿ ಬದಲಾಯಿತು. ಹತ್ತಿರ ಹತ್ತಿರ ನಲವತ್ತು ವರ್ಷದಿಂದ ಅವರ ಕುರಿ ಆ ದಾರಿ ತುಳಿದಿರಲಿಲ್ಲ. ಆಕೆ ಮಲಗಿದ ಜಾಗ ಗೊತ್ತಿದ್ದದ್ದು ತಂದೆಯೊಬ್ಬನಿಗೆ.

ಕುರಿಗಾಹಿಗೆ ತಾಯಿಯ ಮುಖ ಗೊತ್ತಿರಲಿಲ್ಲ. ಆಕೆಯದೊಂದು ಫೋಟೋ ಇರಲಿಲ್ಲ. ಆಕೆ ಹೇಗಿದ್ದಳು ಎಂದು ಕೇಳಿದರೆ ತಂದೆ, "ಎಲ್ಲಾರ್ಹಂಗ ಇದ್ದಳು" ಎಂದಷ್ಟೇ ಹೇಳುತ್ತಿದ್ದ. ಆ ಜಾಗದಲ್ಲಿ ಒಂದು ಗಳಿಗೆ ಕೂತು ಬರಬೇಕು ಎಂಬುದು ಮಗನ ಆಸೆ. ಬೇರೇನೂ ಅಲ್ಲ. ಬುತ್ತಿ ಬಿಚ್ಚಿ ಎಡೆ ಇಟ್ಟು, ತಾನೂ ಅಲ್ಲೇ ಉಂಡು ಏಳಬೇಕು. ಹುಡುಗನಾಗಿದ್ದಾಗಿನಿಂದ ಕೇಳುತ್ತಿದ್ದ. ಜಾಗ ಎಲ್ಲಿ ಎಂದು ಬಾಯಲ್ಲಿ ಹೇಳಲು ತಂದೆಗೆ ಬರುತ್ತಿರಲಿಲ್ಲ. "ಕುಂತಲ್ಲಿ ಹೇಳಾಕ ಬರಂಗಿಲ್ಲ. ಕಾಲಿಗೆ ಗೊತ್ತೈತಿ," ಎನ್ನುತ್ತಿದ್ದ.

ಮಗನಿಗೆ ನಲವತ್ತಾದ ವರ್ಷ ತಂದೆಯ ಒಂದು ಕಣ್ಣಿಗೆ ಪೊರೆ ಬಂತು. ಇನ್ನೊಂದು ಕಣ್ಣೂ ಮಂಜಾಗತೊಡಗಿತ್ತು. ಆ ಸಲ ಊರು ಬಿಡುವಾಗ ತಂದೆಯೇ ಹೇಳಿದ: "ಈ ವರ್ಷ ಹಳೇ ದಾರಿ ಹಿಡಿಯೂಣು. ನಿಮ್ಮವ್ವನ ಜಾಗ ತೋರಸ್ತೀನಿ."

ಮಗ ಆ ಮಾತನ್ನು ಹೆಂಡತಿಗೆ ಹೇಳಿದ. ಅವಳು ಸಂತೆಯಲ್ಲಿ ಅತ್ತೆಯ ಹೆಸರಿನಲ್ಲಿ ಕುಪ್ಪಸಕ್ಕೆಂದು ಒಂದು ಹಸಿರು ಖಣ ತಂದು ಗಂಟಿನಲ್ಲಿ ಇಟ್ಟುಕೊಂಡಳು. ಕಾಣದ ಅತ್ತೆಗೆ ಅದು ಅವಳ ಮೊದಲ ಉಡುಗೊರೆ.

ಹಳೆಯ ದಾರಿ ಕಾಲುವೆಯ ಒಂದು ಸೇತುವೆಯ ಬಳಿ ಗಾಡಿರಸ್ತೆಯಿಂದ ಕವಲೊಡೆಯುತ್ತಿತ್ತು. ಅಲ್ಲಿಂದ ತಾಯಿಯ ಜಾಗಕ್ಕೆ ಅರ್ಧ ದಿನದ ನಡಿಗೆ ಎಂದು ತಂದೆ ಹೇಳಿದ್ದ. ಸೇತುವೆ ಇನ್ನು ನಾಲ್ಕು ದಿನದ ದಾರಿ ಇರುವಾಗ ಕುರಿಗಾಹಿಗೆ ಜ್ವರ ಬಂತು. ಚಳಿ, ನಡುಕ, ತಲೆ ಸಿಡಿಯುವ ನೋವು. ಎರಡು ದಿನ ಕಂಬಳಿ ಹೊದ್ದು ಕುರಿಗಳ ಹಿಂದೆ ನಡೆದ. ಮೂರನೆಯ ದಿನ ನಡೆಯಲಾಗದೆ ಬಿದ್ದ. ತಮ್ಮ ಅವನನ್ನು ಹಾಲಿನ ವ್ಯಾನಿನಲ್ಲಿ ಮಲಗಿಸಿಕೊಂಡು ಪಟ್ಟಣದ ಆಸ್ಪತ್ರೆಗೆ ತಂದ.

ಆ ಆಸ್ಪತ್ರೆಯ ವೈದ್ಯರು ಒಳ್ಳೆಯವರು. ಅವನನ್ನು ನೋಡಿ, ಮೂರು ದಿನ ಇರಲಿ, ಜ್ವರ ಇಳಿದರೆ ಕಳಿಸುತ್ತೇನೆ ಎಂದರು. ತಮ್ಮ ಆ ಮಾತನ್ನು ಹೊತ್ತುಕೊಂಡು ಕುರಿಗಳತ್ತ ಹಿಂದಿರುಗಿದ.

ಜ್ವರ ಯಾತರದು ಎಂದು ತಿಳಿಯಲು ವೈದ್ಯರು ಬ್ಲಡ್ ಕಲ್ಚರ್ ಬರೆದರು.

"ಅದು ಏನೆಂದು ನಿನಗೆ ಗೊತ್ತು," ಎಂದರು ಅಕ್ಕೋರು. "ಆದರೂ ಹೇಳುತ್ತೇನೆ. ರೋಗಿಯ ರಕ್ತ ತೆಗೆದು ಒಂದು ಬಾಟಲಿಗೆ ಹಾಕಿ ಬೆಚ್ಚಗೆ ಇಡುತ್ತೇವೆ. ಬಾಟಲಿಯಲ್ಲಿ ಕ್ರಿಮಿಗೆ ಬೇಕಾದ ಆಹಾರ ಇರುತ್ತದೆ. ರಕ್ತದಲ್ಲಿ ಕ್ರಿಮಿ ಇದ್ದರೆ ಬೆಳೆಯುತ್ತದೆ. ಚರ್ಮದ ಮೇಲಿನ ಕ್ರಿಮಿ ಸೂಜಿಗೆ ಅಂಟಿ ಒಳಗೆ ಹೋದರೆ ಅದೂ ಬೆಳೆಯುತ್ತದೆ. ಬಾಟಲಿಗೆ ಎರಡೂ ಒಂದೇ."

ರಕ್ತ ತೆಗೆಯಲು ಹೋದವಳು ಒಬ್ಬ ನರ್ಸ್. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ಬೆಳಿಗ್ಗೆ ವಾರ್ಡಿನಲ್ಲಿ ನಲವತ್ತು ರೋಗಿಗಳು, ಇಬ್ಬರು ನರ್ಸುಗಳು. ಅವಳು ಕುರಿಗಾಹಿಯ ತೋಳಿಗೆ ಪಟ್ಟಿ ಕಟ್ಟಿದಳು. ಕಂದು ಬಣ್ಣದ ಅಯೋಡಿನ್ ದ್ರಾವಣದಲ್ಲಿ ಹತ್ತಿ ಅದ್ದಿ ಒರೆಸಿದಳು. ಆ ಔಷಧಿ ಚರ್ಮದ ಮೇಲೆ ಎರಡು ನಿಮಿಷ ಇದ್ದು ಒಣಗಬೇಕು. ಒಣಗುವಾಗಲೇ ಅದು ಕೆಲಸ ಮಾಡುವುದು. ಅವಳಿಗೆ ಅದು ಗೊತ್ತಿತ್ತು. ನರ ಎಲ್ಲಿದೆ ಎಂದು ಬೆರಳಿನಿಂದ ಇನ್ನೊಮ್ಮೆ ಒತ್ತಿ ನೋಡಿದಳು. ಔಷಧಿ ಹಸಿಯಾಗಿರುವಾಗಲೇ ಚುಚ್ಚಿದಳು. ಒರೆಸಿದ್ದಕ್ಕೂ ಚುಚ್ಚಿದ್ದಕ್ಕೂ ನಡುವೆ ನಾಲ್ಕು ಉಸಿರಿನಷ್ಟು ಹೊತ್ತು. ತೆಗೆದದ್ದು ಒಂದೇ ಬಾಟಲಿ. ಪಕ್ಕದ ಹಾಸಿಗೆಯವರು ಕರೆಯುತ್ತಿದ್ದರು. ಅವಳು ಅತ್ತ ಹೋದಳು.

ಎರಡನೆಯ ದಿನ ವೈದ್ಯರು ಕುರಿಗಾಹಿಯ ಕಂಕುಳಲ್ಲಿ ಒಂದು ಕಪ್ಪು ಹಕ್ಕಳೆ ಕಂಡರು. ಪೊದೆಗಳಲ್ಲಿ ಇರುವ ಸಣ್ಣ ಹುಳ ಕಚ್ಚಿ ಬರುವ ಜ್ವರದ ಗುರುತು ಅದು. ಅದಕ್ಕೆ ಮಾತ್ರೆ ಕೊಟ್ಟರು. ಮೂರನೆಯ ದಿನ ಜ್ವರ ಇಳಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಕುರಿಗಾಹಿ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡು ಮಂಚದ ಅಂಚಿನಲ್ಲಿ ಕುಳಿತಿದ್ದ. ವೈದ್ಯರು ಬಂದು ಹೋಗು ಎಂದರೆ ಹೊರಡುವವನು.

ಆ ಹೊತ್ತಿಗೆ ಪರೀಕ್ಷೆಯ ಚೀಟಿ ಬಂತು. ಬಾಟಲಿಯಲ್ಲಿ ಕ್ರಿಮಿ ಬೆಳೆದಿತ್ತು.

ಅದು ಎಲ್ಲರ ಚರ್ಮದ ಮೇಲೂ ಇರುವಂಥ ಕ್ರಿಮಿ. ಬೇರೆಯವರಾಗಿದ್ದರೆ ವೈದ್ಯರು ಚೀಟಿ ಪಕ್ಕಕ್ಕೆ ಇಡುತ್ತಿದ್ದರೋ ಏನೋ. ಆದರೆ ಕುರಿಗಾಹಿಗೆ ಹಿಂದೆ ಲಾರಿ ಬಡಿದು ತೊಡೆಯ ಎಲುಬು ಮುರಿದಿತ್ತು. ಒಳಗೆ ಸ್ಟೀಲಿನ ಸರಳು ಹಾಕಿದ್ದರು. ರಕ್ತದಲ್ಲಿ ಅಂಥ ಕ್ರಿಮಿ ನಿಜವಾಗಿ ಇದ್ದರೆ ಸರಳಿಗೆ ಹೋಗಿ ಕೂರುತ್ತದೆ. ಕೂತರೆ ಕಾಲು ಹೋಗುತ್ತದೆ, ಕೆಲವೊಮ್ಮೆ ಜೀವವೂ ಹೋಗುತ್ತದೆ. ಇನ್ನೊಂದು ತೋಳಿನಿಂದಲೂ ರಕ್ತ ತೆಗೆದಿದ್ದರೆ ಹೋಲಿಸಿ ನೋಡಬಹುದಿತ್ತು. ತೆಗೆದಿರಲಿಲ್ಲ. ಈಗ ತೆಗೆದರೆ, ಮೈಯಲ್ಲಿ ಔಷಧಿ ಇರುವುದರಿಂದ ಆ ಉತ್ತರವನ್ನು ನಂಬುವಂತಿರಲಿಲ್ಲ.

ವೈದ್ಯರು ನರ್ಸನ್ನು ಕರೆದು ಕೇಳಿದರು.

"ಒರೆಸಿದ ಮೇಲೆ ಎರಡು ನಿಮಿಷ ಕಾದಿದ್ದೆಯಾ?"

"ಕಾದಿದ್ದೆ ಸರ್," ಎಂದಳು.

ಆ ವಾರ್ಡಿನಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ವೈದ್ಯರು ತಲೆಯಾಡಿಸಿ ಬರೆದರು: ಹದಿನಾಲ್ಕು ದಿನ, ದಿನಕ್ಕೆ ಎರಡು ಸಲ, ನರಕ್ಕೆ ಇಂಜೆಕ್ಷನ್. ಕುರಿಗಾಹಿಯ ಹಾಸಿಗೆಯ ಬಳಿ ಕೂತು ಕಾರಣವನ್ನೂ ಬಿಡಿಸಿ ಹೇಳಿದರು. ಅವನು ಹೆಗಲ ಮೇಲಿನ ಕಂಬಳಿ ತೆಗೆದು ತಲೆದಿಂಬಿನ ಮೇಲೆ ಇಟ್ಟ.

ಅಂದಿನಿಂದ ಅವನು ಮಲಗಿದಲ್ಲೇ ಕುರಿಗಳ ಜೊತೆ ನಡೆಯತೊಡಗಿದ. ಇವತ್ತು ಹತ್ತಿಯ ಹೊಲ ದಾಟಿರುತ್ತಾರೆ. ಇವತ್ತು ಕೆರೆಯ ಅಂಗಳದಲ್ಲಿ ತರುಬಿರುತ್ತಾರೆ. ಇವತ್ತು ಸೇತುವೆ. ತಂದೆ ಈಗ ಕೋಲು ಹಿಡಿದು ಕೂತು ರಸ್ತೆಯ ಕಡೆ ನೋಡುತ್ತಿರುತ್ತಾನೆ. ಕಣ್ಣು ಮಂಜು, ಬಂದವರು ಯಾರು ಎಂದು ಹತ್ತಿರ ಬರುವ ತನಕ ತಿಳಿಯುವುದಿಲ್ಲ. ಹೋಗುವ ಬರುವ ಪ್ರತಿಯೊಬ್ಬನನ್ನೂ ಮಗನೇ ಎಂದುಕೊಂಡು ಎದ್ದು ನಿಲ್ಲುತ್ತಾನೆ. ಹೀಗೆ ಯೋಚಿಸಿ ಅವನಿಗೆ ಊಟ ಸೇರುತ್ತಿರಲಿಲ್ಲ. ಮೈಯಲ್ಲಿ ಜ್ವರ ಇರಲಿಲ್ಲ, ನೋವು ಇರಲಿಲ್ಲ. ಗಟ್ಟಿಯಾಗಿದ್ದ ಮನುಷ್ಯ ಗೋಡೆ ನೋಡುತ್ತ ಮಲಗಿರುತ್ತಿದ್ದ.

ಇಂಜೆಕ್ಷನ್ ಕೊಡಲು ಬಂದ ನರ್ಸಿಗೆ ಒಂದು ದಿನ ತಾಯಿಯ ಜಾಗದ ಸಂಗತಿ ಹೇಳಿದ. ತನ್ನ ಬಗ್ಗೆ ಅವನು ಯಾರಿಗೂ ಅಷ್ಟು ಹೇಳಿಕೊಂಡವನಲ್ಲ. ಅವಳು ಕೇಳಿಸಿಕೊಂಡಳು. ಆಮೇಲೆ ಇಂಜೆಕ್ಷನ್ ಕೊಟ್ಟು ಹೋದಳು.

ಒಂಬತ್ತನೆಯ ದಿನ ತಮ್ಮ ಬಂದ.

"ಅಪ್ಪ ಸೇತುವಿ ಬಿಟ್ಟು ಏಳಾಕ ಒಲ್ಲೆ ಅಂತಾನ," ಎಂದ. "ಮೇವು ಮುಗದು ಕುರಿ ಮುಂದ ಹೋಗ್ಯಾವು. ಅವಗ ರೊಟ್ಟಿ ಕೊಟ್ಟು, ಕಂಬಳಿ ಕೊಟ್ಟು ಬಂದೀವಿ. ನಾಕು ದಿನ ಆತು ಕುಂತು."

ಕುರಿಗಾಹಿ ನರ್ಸನ್ನು ಕರೆದ. "ಬಾಯಾರ, ಎರಡ ದಿನ ಬಿಡಸ್ರಿ. ಹೋಗಿ ಜಾಗ ನೋಡಿ ಹೊಳ್ಳಿ ಬರ್ತೀನಿ. ಸುಳ್ಳ ಹೇಳಂಗಿಲ್ಲ."

ಅವಳು ವೈದ್ಯರ ಕೋಣೆಯ ಬಾಗಿಲ ತನಕ ಹೋದಳು. ಒಳಗೆ ವೈದ್ಯರು ಇನ್ನೊಬ್ಬ ನರ್ಸಿಗೆ ಯಾವುದೋ ತಪ್ಪಿಗೆ ಗದರುತ್ತಿದ್ದರು. ಅವಳು ಹೊರಗೆ ನಿಂತಳು. ಒರೆಸಿದ ಮೇಲೆ ಕಾಯಲಿಲ್ಲ ಎಂದರೆ ಸಾಕಿತ್ತು. ಕ್ರಿಮಿ ಚರ್ಮದ್ದೇ ಇರಬೇಕೆಂದು ವೈದ್ಯರು ಆಗಲೇ ಅರ್ಧ ನಂಬಿದ್ದರು. ಆದರೆ ತನ್ನ ಕೆಲಸ ಹೋದರೆ ಎಂದು ಅವಳಿಗೆ ಹೆದರಿಕೆಯಾಯಿತು. ನಿಜವಾಗಿ ರಕ್ತದಲ್ಲೇ ಕ್ರಿಮಿ ಇದ್ದರೂ ಇರಬಹುದು, ತಾನು ಬಾಯಿಬಿಟ್ಟು ಅವನ ಕಾಲು ಹೋದರೆ ಎಂದೂ ಅನ್ನಿಸಿತು. ಎರಡನೆಯ ಯೋಚನೆ ಮೊದಲನೆಯದನ್ನು ಮುಚ್ಚಿಕೊಂಡಿತು. ಅವಳು ಒಳಗೆ ಹೋಗದೆ ಬಂದಳು.

"ಒಂದು ಇಂಜೆಕ್ಷನ್ನೂ ತಪ್ಪಬಾರದಂತ, ಅಣ್ಣಾ," ಎಂದಳು.

ಅವನು ಹಠ ಮಾಡಲಿಲ್ಲ. ತಮ್ಮನಿಗೆ ಹೇಳಿದ: "ಅಪ್ಪಗ ಕುರಿ ಜೋಡಿ ಹೋಗು ಅಂತ ಹೇಳು. ಬರೂ ವರ್ಷ ಹೋಗೂಣಂತ."

ಹದಿನೆಂಟನೆಯ ದಿನ ಅವನನ್ನು ಬಿಟ್ಟರು. ಬಸ್ಸಿನಲ್ಲಿ ಹೋಗಿ, ಇಳಿದು, ಕೇಳಿಕೊಂಡು ನಡೆದು, ಮರುದಿನ ಕುರಿಗಳನ್ನು ಮುಟ್ಟಿದ. ದೂರದಿಂದ ನಾಯಿ ಗುರುತು ಹಿಡಿದು ಓಡಿ ಬಂತು. ಹೆಂಡತಿ ಎದ್ದು ಬರಲಿಲ್ಲ. ಕೂತಲ್ಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ತಂದೆ ತೀರಿಕೊಂಡು ಎರಡು ದಿನವಾಗಿತ್ತು.

ನಡೆದದ್ದನ್ನು ಹೆಂಡತಿ ಹೇಳಿದಳು. ಬರುವ ವರ್ಷ ಹೋಗೋಣ ಎಂಬ ಮಾತನ್ನು ತಮ್ಮ ಸೇತುವೆಗೆ ಹೋಗಿ ಮುಟ್ಟಿಸಿದ್ದ. ಮುದುಕ ಕೇಳಿ, "ಬರೂ ವರ್ಷ ಅನ್ನೂದು ಅವಗೈತಿ, ನನಗಿಲ್ಲ" ಎಂದು ಅಲ್ಲೇ ಕುಳಿತಿದ್ದ. ಒಟ್ಟು ಒಂಬತ್ತು ದಿನ. ಕಾಲುವೆಯ ತಂಪಿಗೆ ಕೆಮ್ಮು ಹತ್ತಿತು. ಎದೆಯಲ್ಲಿ ಕಫ ಕಟ್ಟಿ ಮಾತು ನಿಲ್ಲುವ ಹಾಗಾದಾಗ ತಮ್ಮ ಕುದುರೆಯ ಮೇಲೆ ಹಾಕಿಕೊಂಡು ಕುರಿಗಳ ಹತ್ತಿರ ತಂದ. ಕೊನೆಯ ದಿನ ಸೊಸೆಯನ್ನು ಹತ್ತಿರ ಕರೆದ. ಹಳ್ಳ ದಾಟಬೇಕು ಎಂದ. ಎಡಕ್ಕೆ ಎಂದ. ಬಿಳಿ ಕಲ್ಲು ಎಂದ. ಅಲ್ಲಿಂದ ಎಷ್ಟು ದೂರ ಎಂದು ಸೊಸೆ ಕೇಳಿದಳು. ಮುದುಕ ಹೊದಿಕೆಯ ಕೆಳಗೆ ಕಾಲು ಆಡಿಸಿದ. ನಡೆಯುವವನ ಹಾಗೆ ಎರಡೂ ಪಾದ ಒಂದಾದ ಮೇಲೊಂದು ಆಡಿದವು. ಮಾತು ಬರಲಿಲ್ಲ.

ಕುರಿಗಾಹಿ ಹೆಂಡತಿಯನ್ನು ಕರೆದುಕೊಂಡು ಸೇತುವೆಗೆ ಹೋದ. ಮೂರು ದಿನ ಹುಡುಕಿದರು. ಹಳ್ಳ ಒಂದಲ್ಲ, ಮೂರು ಇದ್ದವು. ಬಿಳಿ ಕಲ್ಲು ಎಲ್ಲ ಕಡೆ ಇದ್ದವು. ಕೆಲವು ಕಡೆ ನೆಲ ಸಮ ಮಾಡಿ ಕಬ್ಬು ಹಚ್ಚಿದ್ದರು. ಹೊಲದವರನ್ನು ಕೇಳಿದರು. ನಲವತ್ತು ವರ್ಷದ ಹಿಂದೆ ಇಲ್ಲಿ ಒಬ್ಬ ಹೆಂಗಸನ್ನು ಮಣ್ಣು ಮಾಡಿದ್ದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಖಣವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹೆಂಡತಿ ಅದನ್ನು ಮತ್ತೆ ಗಂಟಿಗೇ ಹಾಕಿಕೊಂಡಳು.

ಇದೊಂದೂ ನರ್ಸಿಗೆ ಗೊತ್ತಿರಲಿಲ್ಲ. ಅವನು ವಾಸಿಯಾಗಿ ಹೋದ ಎಂದುಕೊಂಡಿದ್ದಳು.

ಮರುವರ್ಷ ಅದೇ ದಿನಗಳಲ್ಲಿ ಕುರಿಗಾಹಿ ಆಸ್ಪತ್ರೆಗೆ ಬಂದ. ಕಾಲು ಎಳೆಯುತ್ತದೆ ಎಂದು ಅವನು ನಡುವೆ ಬೇರೆ ಊರಿನಲ್ಲಿ ಎಲುಬಿನ ಡಾಕ್ಟರಿಗೆ ತೋರಿಸಿದ್ದ. ಆ ಡಾಕ್ಟರು ಹಳೆಯ ಚೀಟಿಗಳನ್ನೆಲ್ಲ ನೋಡಿ, ಸರಳು ಸ್ವಚ್ಛವಾಗಿದೆ, ಬಾಟಲಿಯಲ್ಲಿ ಬೆಳೆದ ಕ್ರಿಮಿ ನಿನ್ನ ರಕ್ತದ್ದು ಆಗಿರಲಿಕ್ಕಿಲ್ಲ ಎಂದಿದ್ದರು. ಆ ಮಾತು ಅವನ ತಲೆಯಲ್ಲಿ ಉಳಿದಿತ್ತು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಮಧ್ಯಾಹ್ನದ ತನಕ ಕೂತಿದ್ದ. ನರ್ಸ್ ಕೆಲಸ ಮುಗಿಸಿ ಹೊರಗೆ ಬಂದಾಗ ಎದ್ದು ನಿಂತ. ಅವಳು ಗುರುತು ಹಿಡಿದು ನಕ್ಕಳು. ಅಪ್ಪ ಹೇಗಿದ್ದಾನೆ, ಜಾಗ ನೋಡಿ ಬಂದೆಯಾ ಎಂದು ಕೇಳಿದಳು.

ಅವನು ನಡೆದದ್ದನ್ನು ಹೇಳಿದ. ದನಿ ಏರಿಸಲಿಲ್ಲ. ಹೇಳಿ ಮುಗಿಸಿ ಕೇಳಿದ:

"ನಿಮ್ಮನ್ನ ಒಂದ ಮಾತು ಕೇಳೂದಿತ್ತು ಬಾಯಾರ. ಅವತ್ತ ನನ್ನ ರಕ್ತದಾಗ ಏನಿತ್ತು?"

ಸುತ್ತ ಯಾರೂ ಇರಲಿಲ್ಲ. ಗೊತ್ತಿಲ್ಲ ಎಂದು ಹೇಳಿದ್ದರೆ ಅವನು ನಂಬಿ ಹೋಗುತ್ತಿದ್ದ.

"ಏನೂ ಇರಲಿಲ್ಲ ಅಣ್ಣಾ," ಎಂದಳು. "ನಾ ಒರೆಸಿದ ಔಷಧಿ ಒಣಗೋತನಕ ನಿಲ್ಲಲಿಲ್ಲ. ನಿಮ್ಮ ಚರ್ಮದ ಮ್ಯಾಲಿಂದ, ಇಲ್ಲಾ ನನ್ನ ಬೆರಳಿಂದ ಆ ಕ್ರಿಮಿ ಒಳಗ ಹೋಗಿರಬೇಕು. ಡಾಕ್ಟರ್ ಕೇಳಿದಾಗ ನಾ ಸುಳ್ಳು ಹೇಳಿದೆ."

ಅವನು ಬೆಂಚಿನ ಮೇಲೆ ಕುಳಿತ.

"ಎಷ್ಟ ಹೊತ್ತು ನಿಲ್ಲಬೇಕಿತ್ತು?"

"ಎರಡು ನಿಮಿಷ."

ಅವನು ತನ್ನ ತೋಳನ್ನು ನೋಡಿಕೊಂಡ. ಸೂಜಿ ಚುಚ್ಚಿದ ಗುರುತು ಯಾವಾಗಲೋ ಮಾಸಿತ್ತು.

"ನಮ್ಮಪ್ಪ ಒಂಬತ್ತ ದಿನ ಕಾದ," ಎಂದ.

ಬೈಯಲಿಲ್ಲ, ಶಾಪ ಹಾಕಲಿಲ್ಲ. ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದ. ಅವಳು ಗೇಟಿನ ತನಕ ಹಿಂದೆ ಹೋದಳು. ಅವನು ತಿರುಗಿ ನೋಡಲಿಲ್ಲ. ಸೇತುವೆಯ ಕಡೆಯ ಬಸ್ಸು ಯಾವುದು ಎಂದು ಗೇಟಿನವನನ್ನು ಕೇಳಿಕೊಂಡು ಹೋದ.

ಆ ದಿನವೇ ಅವಳು ವೈದ್ಯರ ಕೋಣೆಗೆ ಹೋದಳು. ಒಳಗೆ ಜನ ಇದ್ದರು. ಅವರೆದುರಿಗೇ ಎಲ್ಲವನ್ನೂ ಹೇಳಿದಳು. ವೈದ್ಯರು ಎದ್ದು ಅವಳಿಗೆ ತಮ್ಮ ಕುರ್ಚಿ ಕೊಟ್ಟರು. "ಒಂದೇ ಬಾಟಲಿ ಸಾಕು ಎಂದವನು ನಾನು," ಎಂದರು.

ಮರುದಿನ ವೈದ್ಯರು ಎಲ್ಲ ನರ್ಸುಗಳನ್ನೂ ಕರೆದು ಕೇಳಿದರು. ಎಲ್ಲರೂ ತಾವು ಎರಡು ನಿಮಿಷ ಕಾಯುತ್ತೇವೆ ಎಂದರು. ಆಗ ಆ ನರ್ಸ್ ಹೇಳಿದಳು: "ಕೇಳಬೇಡಿ ಸರ್. ಗಡಿಯಾರ ಹಿಡಿದು ವಾರ್ಡಿನಲ್ಲಿ ನಿಂತುಕೊಳ್ಳಿ. ಎರಡು ನಿಮಿಷ ಇಲ್ಲಿ ಯಾರ ಹತ್ತಿರವೂ ಇಲ್ಲ."

ವೈದ್ಯರು ಒಂದು ವಾರ ನಿಂತರು. ನಲವತ್ತು ಸಲ ರಕ್ತ ತೆಗೆದದ್ದು ನೋಡಿದರು. ಔಷಧಿ ಒಣಗುವ ತನಕ ಕಾದದ್ದು ಎರಡು ಸಲ. ಆಮೇಲೆ ಲ್ಯಾಬಿನ ಹಳೆಯ ಪುಸ್ತಕ ತೆಗೆಸಿದರು. ನೂರು ಬಾಟಲಿಗೆ ಎಂಟರಲ್ಲಿ ಬೆಳೆದದ್ದು ಚರ್ಮದ ಕ್ರಿಮಿ. ಆ ಎಂಟು ಜನರೂ ಎಷ್ಟೆಷ್ಟು ದಿನ ಆ ವಾರ್ಡಿನಲ್ಲಿ ಮಲಗಿದ್ದರೋ, ಅವರಿಗಾಗಿ ಎಲ್ಲೆಲ್ಲಿ ಯಾರು ಕೂತಿದ್ದರೋ, ಅದು ಪುಸ್ತಕದಲ್ಲಿ ಇರಲಿಲ್ಲ.

ಆಗ ಔಷಧಿಯ ಮಾತು ಬಂತು. ಮೇಜಿನ ಮೇಲೆ ಮೂರು ಬಾಟಲಿ ಇಟ್ಟರು. ಅಯೋಡಿನ್ ದ್ರಾವಣ ಕೆಟ್ಟದ್ದಲ್ಲ. ಅದಕ್ಕೆ ಬೇಕಾದ ಹೊತ್ತು ಕೊಟ್ಟರೆ ಕ್ರಿಮಿ ಕೊಲ್ಲುತ್ತದೆ. ಆ ಹೊತ್ತು ಕೊಡುವವರು ಇರಲಿಲ್ಲ. ಬರೀ ಸ್ಪಿರಿಟ್ ಬೇಗ ಕೊಲ್ಲುತ್ತದೆ, ಬೇಗ ಆರುತ್ತದೆ, ಆರಿದ ಮೇಲೆ ಅದರ ಕೆಲಸ ಮುಗಿಯಿತು. ಮೂರನೆಯದು ಕ್ಲೋರ್‌ಹೆಕ್ಸಿಡಿನ್ ಬೆರೆಸಿದ ಸ್ಪಿರಿಟ್. ಅರ್ಧ ನಿಮಿಷ ಉಜ್ಜಬೇಕು, ಅರ್ಧ ನಿಮಿಷ ಒಣಗಲು ಬಿಡಬೇಕು. ಒಣಗಿದ ಮೇಲೂ ಅದು ಚರ್ಮದ ಮೇಲೆ ಉಳಿದು ಕೆಲಸ ಮಾಡುತ್ತದೆ. ದಿನ ತುಂಬದೆ ಹುಟ್ಟಿದ ಕೂಸುಗಳ ಚರ್ಮ ಅದಕ್ಕೆ ಸುಡುತ್ತದೆ. ಅವರನ್ನು ಬಿಟ್ಟು ಉಳಿದವರಿಗೆ ಅದನ್ನೇ ಆರಿಸಿದರು. ಒರೆಸಿದ ಜಾಗವನ್ನು ಮತ್ತೆ ಬೆರಳಿನಿಂದ ಮುಟ್ಟಬಾರದು, ಬಾಟಲಿಯ ರಬ್ಬರ್ ಮುಚ್ಚಳವನ್ನೂ ಒರೆಸಬೇಕು, ಎರಡು ತೋಳಿನಿಂದ ತೆಗೆಯಬೇಕು ಎಂದು ಕಟ್ಟು ಮಾಡಿದರು.

ಆರು ತಿಂಗಳಲ್ಲಿ ಎಂಟು ಇದ್ದದ್ದು ಮೂರಕ್ಕೆ ಇಳಿಯಿತು. ಮುಂದಿನ ವರ್ಷ ಐದಕ್ಕೆ ಏರಿತು. ಔಷಧಿ ಅದೇ ಇತ್ತು, ಬಾಟಲಿ ಅದೇ ಇತ್ತು. ಆ ನರ್ಸ್ ಹೊಸದಾಗಿ ಬಂದವರ ಪಕ್ಕದಲ್ಲಿ ಒಬ್ಬೊಬ್ಬರಾಗಿ ನಿಂತಳು. ಚುಚ್ಚಲು ಹೋದ ಕೈಯನ್ನು ಮೆಲ್ಲಗೆ ಹಿಡಿದು, ಇನ್ನೂ ಆರಿಲ್ಲ ಎನ್ನುತ್ತಿದ್ದಳು. ಮತ್ತೆ ಮೂರಕ್ಕೆ ಇಳಿಯಿತು.

ಅವಳ ಕೆಲಸ ಹೋಗಲಿಲ್ಲ. ಅದು ಅವಳಿಗೆ ಸಮಾಧಾನ ತರಲಿಲ್ಲ. ಸುಗ್ಗಿ ಮುಗಿದು ರಸ್ತೆಯಲ್ಲಿ ಕುರಿಗಳು ಬರುವ ದಿನಗಳಲ್ಲಿ ಅವಳು ಆಸ್ಪತ್ರೆಯ ಗೇಟಿನಲ್ಲಿ ನಿಲ್ಲುತ್ತಿದ್ದಳು. ಯಾರ ಕುರಿ, ಯಾವ ಊರಿನವು ಎಂದು ಕೇಳುತ್ತಿದ್ದಳು. ಕಾಲು ಎಳೆದು ನಡೆಯುವ ಕುರಿಗಾಹಿ ಗೊತ್ತೇ ಎಂದು ಕೇಳುತ್ತಿದ್ದಳು. ಕೆಲವರು ಇಲ್ಲ ಎನ್ನುತ್ತಿದ್ದರು. ಒಂದು ವರ್ಷ ಒಬ್ಬ ಮುದುಕಿ ಗೊತ್ತು ಎಂದಳು. ಅವನು ಪ್ರತಿವರ್ಷ ಆ ಸೇತುವೆಯ ಹತ್ತಿರ ಕುರಿ ತಮ್ಮನಿಗೆ ಬಿಟ್ಟು, ಎರಡು ದಿನ ಒಬ್ಬನೇ ಹಳ್ಳದ ಗುಂಟ ತಿರುಗುತ್ತಾನೆ, ಬಿಳಿ ಕಲ್ಲು ಕಂಡಲ್ಲಿ ಕೂರುತ್ತಾನೆ ಎಂದಳು. ಮುಂದೆ ಅವಳಿಗೆ ಅಷ್ಟು ಸುದ್ದಿಯೂ ಸಿಗಲಿಲ್ಲ.

ಅಕ್ಕೋರು ಕತೆ ನಿಲ್ಲಿಸಿದರು.

ಕಸ್ತೂರಿ ಕೇಳಿದಳು. "ಅವನಿಗೆ ಆ ಜಾಗ ಸಿಕ್ಕಿತೇ?"

"ನನಗೆ ತಿಳಿಯದು."

ಕಸ್ತೂರಿ ತಾನು ತಂದಿದ್ದ ಹಾಳೆಯನ್ನು ತೊಡೆಯ ಮೇಲೆ ಬಿಚ್ಚಿಕೊಂಡಳು. ಪೆನ್ನು ತೆಗೆದಳು.

"ಹಾಗಾದರೆ ಆ ಮೂರನೆಯ ಔಷಧಿಯೇ ಒಳ್ಳೆಯದು ಎಂದು ಬರೆಯಲೇ ಅಕ್ಕೋರೇ? ಅರ್ಧ ನಿಮಿಷದಲ್ಲಿ ಒಣಗುವಂಥದು?"

"ಬರಿ," ಎಂದರು ಅಕ್ಕೋರು. "ಆದರೆ ಆ ಅರ್ಧ ನಿಮಿಷ ಬಾಟಲಿಯ ಜೊತೆ ಬರುವುದಿಲ್ಲ."